ಹಳೆ ಗಣಕಕ್ಕೆ ಹೊಸ ತೇಪೆ

ತಾಲ್ಲೂಕು ಕಚೇರಿ ಇರುವ ಊರಿನಲ್ಲಿ ಅದರ ಆಸುಪಾಸಿನಲ್ಲೇ ಟೈಪಿಂಗ್ ಅಂಗಡಿಗಳಿರುವುದು ವಾಡಿಕೆ. ರಾಯಚೂರು ನಗರವಾಗಲಿ, ದೇವದುರ್ಗ, ಮಾನ್ವಿಯಂಥ ತಾಲ್ಲೂಕು ಕೇಂದ್ರಗಳಾಗಲಿ ಇದಕ್ಕೆ ಹೊರತಲ್ಲ. ಬಾಡಿಗೆ ಕರಾರು, ಆದಾಯ ಪ್ರಮಾಣಪತ್ರದ ಅರ್ಜಿ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಎಲ್ಲವೂ ಮೇಜಿನ ಮೇಲಿನ ಒಂದೇ ಗಣಕಯಂತ್ರದಿಂದ ಹೊರಬರಬೇಕು. ಇಂಥ ಕಡೆ ಯಂತ್ರ ಹಳೆಯದಾಯಿತೆಂದು ಯಾರೂ ಬಿಸಾಡುವುದಿಲ್ಲ. ಅದು ನಡೆಯುವಷ್ಟು ದಿನ ನಡೆಸುತ್ತಾರೆ. ನಿಂತರೆ ರಿಪೇರಿ ಮಾಡಿಸಿ ಮತ್ತೆ ನಡೆಸುತ್ತಾರೆ.

ಆದರೆ 2025ರ ಅಕ್ಟೋಬರ್ 14ರಂದು, ಚೆನ್ನಾಗಿಯೇ ನಡೆಯುತ್ತಿದ್ದ ಕೋಟ್ಯಂತರ ಗಣಕಗಳು ಏಕಾಏಕಿ ‘ಹಳೆಯವು’ ಎನಿಸಿಕೊಂಡವು. ಅಂದು ಮೈಕ್ರೋಸಾಫ್ಟ್ ಕಂಪನಿ ತನ್ನ ‘ವಿಂಡೋಸ್ 10’ ಆಪರೇಟಿಂಗ್ ಸಿಸ್ಟಂಗೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಯಂತ್ರದ ಭಾಗಗಳನ್ನೂ ಬಳಕೆದಾರನ ತಂತ್ರಾಂಶಗಳನ್ನೂ ಹೊಂದಿಸಿ ದುಡಿಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಹೊಸದಾದ ‘ವಿಂಡೋಸ್ 11’ ಹಾಕಿಕೊಳ್ಳಿ ಎಂಬುದು ಕಂಪನಿಯ ಸಲಹೆ. ಆದರೆ ಅನೇಕ ಯಂತ್ರಗಳಿಗೆ ಅದು ಒಗ್ಗುವುದಿಲ್ಲವೆಂದು ಅದೇ ಕಂಪನಿ ಹೇಳುತ್ತದೆ. ಹಾಗಿದ್ದರೂ ಕೆಲವು ಸಲಕರಣೆ ತಂತ್ರಾಂಶಗಳ ನೆರವಿನಿಂದ ಅಂಥ ಯಂತ್ರಗಳಲ್ಲಿ ಹೊಸ ವ್ಯವಸ್ಥೆಯನ್ನು ಕೂರಿಸುವವರು ಜಗತ್ತಿನಾದ್ಯಂತ ಇದ್ದಾರೆ. ಇದಕ್ಕೆ ಗಣಕ ಲೋಕದಲ್ಲಿ ‘ಪ್ಯಾಚ್’ ಎನ್ನುತ್ತಾರೆ. ಕನ್ನಡದಲ್ಲಿ ತೇಪೆ.

ಇದು ಹೊಸ ವಿದ್ಯೆಯೇನಲ್ಲ. ತುಸು ಹಿಂದೆ ತಿರುಗಿ ನೋಡಿದರೆ, ಕನ್ನಡ ಭಾಷೆ ಗಣಕದೊಳಗೆ ಕಾಲಿಟ್ಟದ್ದೇ ತೇಪೆಯ ರೂಪದಲ್ಲಿ ಎಂಬುದು ತಿಳಿಯುತ್ತದೆ.

ಕನ್ನಡ ಬಾರದ ಯಂತ್ರ

ತೇಪೆ ಎಂಬ ಮಾತು ಇಲ್ಲಿ ಬರಿಯ ಹೋಲಿಕೆಯಲ್ಲ. ಹಿಂದಿನ ಗಣಕಗಳಿಗೆ ಆದೇಶಗಳನ್ನು ತೂತು ಕೊರೆದ ಕಾಗದದ ಪಟ್ಟಿಗಳ ಮೂಲಕ ಕೊಡುತ್ತಿದ್ದರು. ತಪ್ಪು ಕಂಡರೆ ಇಡೀ ಪಟ್ಟಿಯನ್ನು ಎಸೆಯದೆ, ತಪ್ಪಿದ ತೂತಿನ ಮೇಲೆ ಕಾಗದದ ತುಂಡು ಅಂಟಿಸಿ ಸರಿಪಡಿಸುತ್ತಿದ್ದರು. ಆ ಹೆಸರೇ ಉಳಿದುಕೊಂಡಿತು.

1980ರ ದಶಕದಲ್ಲಿ ಭಾರತಕ್ಕೆ ಬಂದ ಪರ್ಸನಲ್ ಕಂಪ್ಯೂಟರ್‌ಗಳಿಗೆ ಗೊತ್ತಿದ್ದುದು ಇಂಗ್ಲಿಷ್ ಲಿಪಿ ಮಾತ್ರ. ಕಾನ್ಪುರದ ಐಐಟಿಯಲ್ಲಿ ರೂಪುಗೊಂಡು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ ಇದಕ್ಕೊಂದು ದಾರಿ ತೋರಿಸಿತು. ಯಂತ್ರದ ಮುಚ್ಚಳ ಬಿಚ್ಚಿ ಒಳಗೆ ಒಂದು ಕಾರ್ಡ್ ಸಿಕ್ಕಿಸಿದರೆ, ಇಂಗ್ಲಿಷಿಗೆಂದೇ ಬರೆದ ತಂತ್ರಾಂಶದಲ್ಲೂ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಯಂತ್ರವನ್ನು ತಯಾರಿಸಿದವರು ಯೋಚಿಸಿಯೇ ಇರದ ಕೆಲಸವನ್ನು ಅದರಿಂದ ಮಾಡಿಸಿದ ಮೊದಲ ತೇಪೆಗಳಲ್ಲಿ ಇದೂ ಒಂದು.

1990ರ ದಶಕದಲ್ಲಿ ವಿಂಡೋಸ್ ಬಂದ ಮೇಲೆ ಕಾರ್ಡಿನ ಜಾಗವನ್ನು ಫಾಂಟ್‌ಗಳು ಹಿಡಿದವು. ಶ್ರೀಲಿಪಿ, ಪ್ರಕಾಶಕ್, ಆಕೃತಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಆ ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲವೂ ಆಗ ಅನುಸರಿಸಿದ್ದು ಒಂದೇ ಉಪಾಯವನ್ನು. ಅಂದಿನ ಒಂದು ಫಾಂಟ್‌ನಲ್ಲಿ ಇದ್ದುದು ಹೆಚ್ಚೆಂದರೆ 256 ಮನೆಗಳು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಯುವುದಿಲ್ಲ. ಹೀಗಾಗಿ ಅಕ್ಷರಗಳನ್ನೇ ತುಂಡು ಮಾಡಿ, ಆ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ಓದುವವನ ಕಣ್ಣಿಗೆ ಕಾಣುವುದು ಕನ್ನಡ. ಗಣಕದ ಲೆಕ್ಕಕ್ಕೆ ಅದು ಇಂಗ್ಲಿಷೇ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅಂಗಡಿಯಿಂದ ಫ್ಲಾಪಿಯಲ್ಲಿ ಕಡತ ತಂದು ಮನೆಯಲ್ಲಿ ತೆರೆದ ಎಷ್ಟೋ ಮಂದಿ ಇದನ್ನು ಕಂಡು ಕಕ್ಕಾಬಿಕ್ಕಿಯಾಗಿದ್ದುಂಟು.

ಹಾಗೆಂದು ಈ ಉಪಾಯವನ್ನು ಹಗುರವಾಗಿ ಕಾಣುವಂತಿಲ್ಲ. ಕನ್ನಡದ ಮುದ್ರಣ, ಕಚೇರಿ, ಪಾಠಶಾಲೆಗಳ ಕೆಲಸವೆಲ್ಲ ಹಲವು ವರ್ಷ ಇದರ ಮೇಲೆಯೇ ನಡೆಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ‘ನುಡಿ’ಗೆ ಆಧಾರವಾಯಿತು, ಟೈಪಿಂಗ್ ಕಲಿತ ಅನೇಕ ಕೈಗಳಿಗೆ ಇಂದಿಗೂ ಅದೇ ರೂಢಿ.

ತುಂಗೆಯ ಹೆಸರಿನ ಫಾಂಟ್

ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಕಾಗದದ ಮೇಲಿನ ಜಾಗ ಗಣಕದ ಪರದೆಗೆ ಬರಲು ಹತ್ತು ವರ್ಷ ಬೇಕಾಯಿತು. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕನ್ನಡವನ್ನು ಕನ್ನಡವೆಂದೇ ಗುರುತಿಸಿದ ಮೊದಲ ವಿಂಡೋಸ್. ಅದರಲ್ಲಿದ್ದ ಕನ್ನಡ ಫಾಂಟ್‌ನ ಹೆಸರು ‘ತುಂಗಾ’. ಭದ್ರೆಯನ್ನು ಕೂಡಿಕೊಂಡು ಮಾನ್ವಿ ಸೀಮೆಯ ಅಂಚಿನಲ್ಲಿ ಹರಿಯುವ ನದಿಯ ಹೆಸರೇ ಅದು.

ಅದೇ ಕಾಲಕ್ಕೆ ತಾಲ್ಲೂಕುಗಳಿಗೂ ಗಣಕ ಬಂದಿತ್ತು. ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯಡಿ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಕೈಬರಹದ ಪಹಣಿಯ ಕಾಲ ಮುಗಿಯಿತು. ದೇವದುರ್ಗ, ಮಾನ್ವಿಯ ರೈತರೂ 15 ರೂಪಾಯಿ ಶುಲ್ಕ ಕೊಟ್ಟು ತಾಲ್ಲೂಕು ಕೇಂದ್ರದಲ್ಲಿ ಮುದ್ರಿತ ಪಹಣಿ ಪಡೆಯುವಂತಾಯಿತು. ಹೊಲದ ಹಕ್ಕು ಗಣಕದೊಳಗೆ ಹೋದ ಮೇಲೆ ಗಣಕ ದೊಡ್ಡ ಊರಿನವರ ವಸ್ತುವಾಗಿ ಉಳಿಯಲಿಲ್ಲ.

ತೊಡಕು ಇದ್ದುದು ಬೇರೆ ಕಡೆ. ಎಕ್ಸ್‌ಪಿ ಕೇಳುತ್ತಿದ್ದ ಕನಿಷ್ಠ ಸ್ಮರಣೆ 64 ಎಂಬಿ. ಚೆನ್ನಾಗಿ ನಡೆಯಲು 128 ಬೇಕು. ವಿಂಡೋಸ್ 98ಕ್ಕೆ ಸಾಕಾಗಿದ್ದುದು 16. ಅಂದರೆ 98ರ ಕಾಲದ ಯಂತ್ರ ಇಟ್ಟುಕೊಂಡವನಿಗೆ ಯೂನಿಕೋಡ್ ಕನ್ನಡ ಎಟುಕದು. ಇಲ್ಲೂ ತೇಪೆ ಕೆಲಸಕ್ಕೆ ಬಂತು. ಅಕ್ಷರಗಳನ್ನು ಜೋಡಿಸಿ ಒತ್ತು, ಗುಣಿತ ಮೂಡಿಸುವ ಭಾಗ ವಿಂಡೋಸ್‌ನಲ್ಲಿ ‘ಯುಎಸ್‌ಪಿ10’ ಎಂಬ ಒಂದು ಕಡತದಲ್ಲಿರುತ್ತದೆ. ಹೊಸ ವಿಂಡೋಸ್‌ನ ಆ ಕಡತವನ್ನು ಹಳೆಯದರಲ್ಲಿ ತಂದಿಟ್ಟು ಪರದೆಯ ಮೇಲೆ ಭಾರತೀಯ ಲಿಪಿ ಮೂಡಿಸುವ ಪ್ರಯೋಗಗಳು ನಡೆದವು. ಉಳಿದವರು ಖರ್ಚು ಮಾಡಿ ಹೆಚ್ಚುವರಿ ಸ್ಮರಣೆಯ ಪಟ್ಟಿ ಹಾಕಿಸಿ, ತೆವಳುತ್ತಲಾದರೂ ಎಕ್ಸ್‌ಪಿ ಓಡಿಸಿದರು. ಎಕ್ಸ್‌ಪಿಯಲ್ಲೂ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಗುರುತು ಹಾಕಿ ಮೂಲ ಸಿ.ಡಿ.ಯಿಂದ ಕಡತಗಳನ್ನು ಸೇರಿಸಬೇಕಿತ್ತು.

ಇಂಗ್ಲಿಷ್ ಬಲ್ಲವನಿಗೆ ಹೊಸ ಆಪರೇಟಿಂಗ್ ಸಿಸ್ಟಂ ಒಂದು ಅನುಕೂಲವಾಗಿರಬಹುದು. ಕನ್ನಡದವನಿಗೆ ಅದು ತನ್ನ ಲಿಪಿಯ ಪ್ರಶ್ನೆಯಾಗಿತ್ತು.

ಬಾಗಿಲಲ್ಲಿ ತಡೆ

1995ರ ವಿಂಡೋಸ್ ಕೇಳಿದ್ದು 4 ಎಂಬಿ ಸ್ಮರಣೆ. 2021ರ ವಿಂಡೋಸ್ 11 ಕೇಳುವುದು 4 ಜಿಬಿ. 26 ವರ್ಷಗಳಲ್ಲಿ ಸಾವಿರ ಪಟ್ಟು! ಆದರೆ ಈ ಬಾರಿ ತಡೆ ಬಂದದ್ದು ಸ್ಮರಣೆಯಿಂದಲ್ಲ. ‘ಟಿಪಿಎಂ 2.0’ ಎಂಬ ಭದ್ರತಾ ವ್ಯವಸ್ಥೆ ಇರಲೇಬೇಕು; ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 2017ರಲ್ಲಿ ಬಂದ ಎಂಟನೇ ಪೀಳಿಗೆಯದೋ ನಂತರದ್ದೋ ಆಗಿರಬೇಕು ಎಂಬುದು ಷರತ್ತು. ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಕಾಪಿಡುವ ಪುಟ್ಟ ತಿಜೋರಿ ಇದ್ದಂತೆ. ಅದರಿಂದ ಭದ್ರತೆ ಹೆಚ್ಚುತ್ತದೆಂಬುದು ನಿಜ. ಆದರೆ 2016ರಲ್ಲಿ ಕೊಂಡ ಯಂತ್ರ ಐದೇ ವರ್ಷಕ್ಕೆ ಪಟ್ಟಿಯಿಂದ ಹೊರಬಿತ್ತು. ವಿಂಡೋಸ್ 10ರ ಕೊನೆಯಿಂದಾಗಿ ಸುಮಾರು 24 ಕೋಟಿ ಗಣಕಗಳು ಕಸ ಸೇರಬಹುದು ಎಂದು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು.

ತೇಪೆ ಹಾಕುವವರ ಕೆಲಸ ಶುರುವಾಗುವುದು ಇಲ್ಲಿಯೇ. ಐರ್ಲೆಂಡ್‌ನಲ್ಲಿ ನೆಲೆಸಿದ ಪೀಟ್ ಬಟಾರ್ಡ್ ಅವರ ‘ರೂಫಸ್’ ಮೂಲತಃ ಪೆನ್‌ಡ್ರೈವ್‌ನಲ್ಲಿ ಆಪರೇಟಿಂಗ್ ಸಿಸ್ಟಂ ತುಂಬಿಸಿಕೊಡುವ ಉಚಿತ ತಂತ್ರಾಂಶ. 2021ರಲ್ಲಿ ವಿಂಡೋಸ್ 11 ಬಂದ ಬೆನ್ನಿಗೇ ಅದಕ್ಕೆ ಒಂದು ಹೊಸ ಆಯ್ಕೆ ಸೇರಿತು. ವಿಂಡೋಸ್ ಕೂರುವ ಮುನ್ನ ಯಂತ್ರವನ್ನು ಪರೀಕ್ಷಿಸುವ ಹಂತವೊಂದಿದೆ. ಆ ಪರೀಕ್ಷೆಯನ್ನು ಬಿಟ್ಟುಬಿಡು ಎಂಬ ಸೂಚನೆಯನ್ನು ರೂಫಸ್ ಮೊದಲೇ ಬರೆದಿಡುತ್ತದೆ. ಅಂದರೆ ಯಂತ್ರದಲ್ಲಿ ಏನೂ ಬದಲಾಗುವುದಿಲ್ಲ. ಬಾಗಿಲು ಕಾಯುವವನು ಕಣ್ಣು ಮುಚ್ಚಿಕೊಳ್ಳುತ್ತಾನೆ, ಅಷ್ಟೆ. ಇಂಥದೇ ಒಂದು ಅಡ್ಡದಾರಿಯನ್ನು ಮೈಕ್ರೋಸಾಫ್ಟ್ ತಾನೇ ಮೊದಲು ಪ್ರಕಟಿಸಿ, ಆಮೇಲೆ ತೆಗೆದುಹಾಕಿತು ಎಂಬುದು ಗಮನಾರ್ಹ.

ಆ್ಯಪಲ್ ಕಂಪನಿಯ ಮ್ಯಾಕ್ ಗಣಕಗಳಲ್ಲಿ ಕೆಲಸ ಇನ್ನೂ ಕಷ್ಟ. ಅಲ್ಲಿ ಹಳೆಯ ಯಂತ್ರಗಳ ಭಾಗಗಳನ್ನು ನಡೆಸುವ ತಂತ್ರಾಂಶವನ್ನೇ ಹೊಸ ವ್ಯವಸ್ಥೆಯಿಂದ ಕಂಪನಿ ಕಿತ್ತುಹಾಕಿರುತ್ತದೆ. ಬಾಗಿಲು ತೆರೆದರೆ ಸಾಲದು, ಕಿತ್ತ ಅಂಗಗಳನ್ನು ಮತ್ತೆ ಜೋಡಿಸಬೇಕು. 2000ರ ದಶಕದ ಆರಂಭದಲ್ಲಿ ‘ಎಕ್ಸ್‌ಪೋಸ್ಟ್‌ಫ್ಯಾಕ್ಟೋ’ ಎಂಬ ಸಲಕರಣೆ ಇದನ್ನು ಮಾಡಿತ್ತು. ಈಚಿನ ‘ಓಪನ್‌ಕೋರ್ ಲೆಗಸಿ ಪ್ಯಾಚರ್’ ಅದೇ ಪರಂಪರೆಯದು. ಸ್ವಯಂಸೇವಕರು ಕೂಡಿ ಕಟ್ಟಿದ್ದು, ಉಚಿತವಾಗಿ ಸಿಗುತ್ತದೆ.

ತೇಪೆಯ ಮಿತಿ

ತೇಪೆ ಹಾಕಿದ್ದಕ್ಕೆ ಯಾರೂ ಜವಾಬ್ದಾರರಲ್ಲ. ಹೀಗೆ ಕೂರಿಸಿದ ವಿಂಡೋಸ್ 11ಕ್ಕೆ ಮುಂದಿನ ಭದ್ರತಾ ಸುಧಾರಣೆಗಳು ಬಂದೇ ಬರುತ್ತವೆಂಬ ಭರವಸೆಯನ್ನು ಕಂಪನಿ ಕೊಡುವುದಿಲ್ಲ. 2024ರಲ್ಲಿ ಬಂದ ಆವೃತ್ತಿ, ತೀರಾ ಹಳೆಯ ಪ್ರೊಸೆಸರ್‌ಗಳಿಗೆ ಗೊತ್ತೇ ಇರದ ಕೆಲವು ಆದೇಶಗಳನ್ನು ಬಳಸುತ್ತದೆ. 2006ರ ಸುಮಾರಿನ ಕೋರ್ 2 ಡ್ಯುಯೊ ಯಂತ್ರದಲ್ಲಿ ಯಾವ ಉಪಾಯ ಮಾಡಿದರೂ ಅದು ಏಳುವುದೇ ಇಲ್ಲ.

ಹಾಗಾದರೆ ಹಳೆಯ ವ್ಯವಸ್ಥೆಯಲ್ಲೇ ಇದ್ದುಬಿಟ್ಟರೆ? ಅದಕ್ಕೂ ಅಪಾಯವಿದೆ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಹುಳು ಹಲವು ದೇಶಗಳ ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಸಕಾಲಕ್ಕೆ ತೇಪೆ ಹಾಕಿಕೊಳ್ಳದ ಯಂತ್ರಗಳೇ ಅದಕ್ಕೆ ಬಲಿಯಾದವು. ಮೂರು ವರ್ಷ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತುರ್ತಾಗಿ ಒಂದು ತೇಪೆ ಕೊಡಬೇಕಾಯಿತು. ಜಾಲತಾಣಗಳನ್ನು ತೆರೆಯುವ ಬ್ರೌಸರ್‌ಗಳೂ ಹಳೆಯದನ್ನು ಬಿಡುತ್ತ ಬರುತ್ತವೆ. ಗೂಗಲ್‌ನ ಕ್ರೋಮ್ 2016ರಲ್ಲಿ ಎಕ್ಸ್‌ಪಿಯನ್ನು, 2023ರಲ್ಲಿ ವಿಂಡೋಸ್ 7 ಅನ್ನು ಬಿಟ್ಟಿತು. ಸೇವಾಸಿಂಧುವಿನಂಥ ಸರ್ಕಾರಿ ತಾಣದಲ್ಲಿ ಅರ್ಜಿ ತುಂಬಿಯೇ ಹೊಟ್ಟೆ ಹೊರೆಯುವ ಅಂಗಡಿಗೆ ಇದು ನೇರ ಪೆಟ್ಟು.

ಇನ್ನೊಂದು ದಾರಿಯೂ ಇದೆ. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನಲ್ಲಿ ಬಾಗಿಲು ಕಾಯುವವನನ್ನು ಏಮಾರಿಸುವ ಅಗತ್ಯವೇ ಬೀಳುವುದಿಲ್ಲ. ಹಳೆಯ ಯಂತ್ರಕ್ಕೆ ತಕ್ಕ ಹಗುರ ಆವೃತ್ತಿಗಳು ಅದರಲ್ಲಿವೆ. ಕೇದಗೆ, ಮಲ್ಲಿಗೆ ಎಂಬ ಕನ್ನಡ ಫಾಂಟ್‌ಗಳೂ, ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಅಲ್ಲಿ ಸಿಗುತ್ತವೆ. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ನಡೆದ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರದಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಮಕ್ಕಳಿಗೆ ಗಣಕ ಕಲಿಸಿದ್ದು ಇದರಿಂದಲೇ. ಆದರೆ ಲಿನಕ್ಸ್‌ಗೂ ಕೊನೆಯಿಲ್ಲದ ತಾಳ್ಮೆಯಿಲ್ಲ. ತಾನು ಹುಟ್ಟಿದ ‘386’ ಪ್ರೊಸೆಸರ್ ಅನ್ನೇ ಅದು 2012ರ ಕೊನೆಯಲ್ಲಿ ಕೈಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಆವೃತ್ತಿಯನ್ನು 32 ಬಿಟ್ ಯಂತ್ರಗಳಲ್ಲಿ ಹೊಸದಾಗಿ ಕೂರಿಸುವಂತಿಲ್ಲ.

ಉಳಿಯಬೇಕಾದುದು ಯಾವುದು?

ಟೈಪಿಂಗ್ ಅಂಗಡಿಯವನಿಗೆ ಇನ್ನೊಂದು ಇಕ್ಕಟ್ಟಿದೆ. ಸರ್ಕಾರಿ ತಾಣಗಳು ಅವನನ್ನು ಹೊಸದರತ್ತ ಎಳೆಯುತ್ತವೆ. ಅವನ ಸ್ವಂತ ಕಡತಗಳು ಹಳೆಯದರತ್ತ ಎಳೆಯುತ್ತವೆ. ಲಗ್ನಪತ್ರಿಕೆ, ಕರಪತ್ರಗಳನ್ನು ಅನೇಕರು ಸಿದ್ಧಪಡಿಸುತ್ತ ಬಂದದ್ದು ಪೇಜ್‌ಮೇಕರ್‌ನಲ್ಲಿ. ಅಡೋಬಿ ಕಂಪನಿ ಅದರ ಕೊನೆಯ ಆವೃತ್ತಿ ತಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಬಾರದು; ತುಂಡು ಅಕ್ಷರಗಳ ಹಳೆಯ ಫಾಂಟೇ ಬೇಕು.

ಈ ಹಳೆಯ ಕಡತಗಳಲ್ಲಿ ಇರುವುದು ಲಗ್ನಪತ್ರಿಕೆ ಮಾತ್ರವಲ್ಲ. ಸಂಘ ಸಂಸ್ಥೆಗಳ ಬೈಲಾಗಳು, ಶಾಲೆಯ ಸ್ಮರಣ ಸಂಚಿಕೆಗಳು, ಊರಿನ ಕವಿಯೊಬ್ಬ ದುಡ್ಡು ಕೊಟ್ಟು ಟೈಪು ಮಾಡಿಸಿದ ಹಸ್ತಪ್ರತಿ, ಯಾವುದೋ ಹೊಲದ ಪಾಲುಪಟ್ಟಿಯ ಕರಡು ಹೀಗೆ ಏನೇನೋ ಇರಬಹುದು. ಯಂತ್ರ ಗುಜರಿಗೆ ಹೋದಾಗ ತೂಕಕ್ಕೆ ಹೋಗುವುದು ಇವೆಲ್ಲ ಸೇರಿಯೇ. ಇವನ್ನು ಯೂನಿಕೋಡ್‌ಗೆ ತರುವ ಪರಿವರ್ತಕ ತಂತ್ರಾಂಶಗಳಿವೆ. ಆದರೆ ಒತ್ತು, ಅರ್ಕಾವೊತ್ತುಗಳು ಅದಲುಬದಲಾಗುವುದುಂಟು. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಬೇಕು. ಆ ಮೂಲವನ್ನು ಸರಿಯಾಗಿ ತೋರಿಸಬಲ್ಲದ್ದು ಹಳೆಯ ಫಾಂಟ್ ಇರುವ ಅದೇ ಹಳೆಯ ಯಂತ್ರ. ಆದ್ದರಿಂದ ಹೊಸ ವ್ಯವಸ್ಥೆ ಹಾಕುವ ಆತುರದಲ್ಲಿ ಡಿಸ್ಕನ್ನು ಅಳಿಸುವ ಮೊದಲು ಕಡತಗಳನ್ನೂ ಫಾಂಟ್‌ಗಳನ್ನೂ ಬೇರೆ ಕಡೆ ನಕಲು ಮಾಡಿಡುವುದು ಮೊದಲ ಕೆಲಸವಾಗಬೇಕು.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವ ಪದ್ಧತಿ ಇದೆ. ಹರಿದ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ದಾರ ಹಾಕುತ್ತಾರೆ. ಕೌದಿ ಹೊಲಿಯುವವಳು ಅರಿವೆ ಹಳೆಯದಾಯಿತೆಂದು ಬಿಡುವುದಿಲ್ಲ. ಆದರೆ ದಾರ ಹಿಡಿಯದಷ್ಟು ಜೀರ್ಣವಾದದ್ದನ್ನು ಇಟ್ಟುಕೊಳ್ಳುವುದೂ ಇಲ್ಲ. ಹಳೆ ಗಣಕದ ವಿಷಯದಲ್ಲೂ ಇದೇ ವಿವೇಕ ಸಲ್ಲುತ್ತದೆ. ಯಾವುದು ಇನ್ನೂ ದಾರ ಹಿಡಿಯುತ್ತದೆ ಎಂಬುದನ್ನು ದೂರದ ಕಂಪನಿಯ ಪಟ್ಟಿಗಿಂತ ಯಂತ್ರದ ಮುಂದೆ ಕೂತು ದುಡಿಯುವವನು ಚೆನ್ನಾಗಿ ಬಲ್ಲ. ತೇಪೆಯಿಂದಲೇ ಗಣಕದೊಳಗೆ ಬಂದ ಭಾಷೆಯವರು ತೇಪೆಯನ್ನು ಕೀಳಾಗಿ ಕಾಣಬೇಕಾದ ಕಾರಣವಿಲ್ಲ.