ರಾವಣನ ಹತ್ತು ಮುಖಗಳು

ಹತ್ತು ತಲೆಯ ನರಭಕ್ಷಕ ರಾಕ್ಷಸನ ಕಲ್ಪನೆ ಜನಮನದಲ್ಲಿ ಏಕೆ ಮೂಡಿತು? ರಾಕ್ಷಸರು ಮಾಂಸಭಕ್ಷಕರೆಂಬುದನ್ನೂ ಕುಂಭಕರ್ಣನು ಆರು ತಿಂಗಳು ನಿದ್ರಿಸಿದನೆಂಬುದನ್ನೂ ನಂಬುವುದೆಂತೆಂದು ವಿಮಲಸೂರಿಯ 'ಪಉಮಚರಿಯ'ದಲ್ಲಿ ಶ್ರೇಣಿಕ ಮಹಾರಾಜನೂ ಸಂದೇಹಪಡುತ್ತಾನೆ. ಅಲ್ಲಿ ದೊರೆಯುವ ಸಮಾಧಾನದಂತೆ ರಾಕ್ಷಸವೆಂಬುದು ವಿದ್ಯಾಧರರ ವಂಶನಾಮ. ವಾನರವೆಂಬುದು ಧ್ವಜಚಿಹ್ನೆಯಿಂದ ಬಂದ ಹೆಸರು. ಶಿಶು ರಾವಣನ ಕೊರಳಹಾರದ ರತ್ನಗಳಲ್ಲಿ ಅವನ ಮುಖವೇ ಒಂಬತ್ತಾಗಿ ಪ್ರತಿಬಿಂಬಿಸಿತು. ಆದುದರಿಂದ ಅವನು ದಶಮುಖ.

ರವಿಷೇಣನು 7ನೆಯ ಶತಮಾನದಲ್ಲಿ ಸಂಸ್ಕೃತಕ್ಕೆ ತಂದ ಈ ಪರಂಪರೆಯನ್ನು ಕ್ರಿ.ಶ. ಸು. 1100ರಲ್ಲಿ ನಾಗಚಂದ್ರನು 'ರಾಮಚಂದ್ರಚರಿತಪುರಾಣ'ದಲ್ಲಿ ಕನ್ನಡಿಸಿದನು. ಅವನ ರಾವಣನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತಧಾರಿ. ಮೋಹದಿಂದ ಜಾರಿ, ಕಡೆಗೆ ಪಶ್ಚಾತ್ತಾಪಪಡುವವನು.

ಪಾಪವನ್ನು ವಿಕಾರರೂಪದ ಅನ್ಯನ ಮೇಲೆ ಹೊರಿಸಿದರೆ ನಾವು ನಿರ್ದೋಷಿಗಳೆಂಬ ನೆಮ್ಮದಿ ದೊರೆಯುತ್ತದೆ. ರಾಕ್ಷಸಕಲ್ಪನೆಯ ಮೂಲ ಇದೇ ಎಂದು ತೋರುತ್ತದೆ. ಜೈನ ಕವಿಗಳು ಆ ನೆಮ್ಮದಿಗೆ ಎಡೆಗೊಡಲಿಲ್ಲ. ರಾವಣನು ಮನುಷ್ಯನಾದೊಡನೆ ಅವನ ಪತನವು ಓದುಗನಿಗೂ ಒದಗಬಹುದಾದುದಾಯಿತು.