ನೀರಿನ ಹೆಸರಿನ ರಣಗಾಡಿ



ಜತ್ತ ತಾಲ್ಲೂಕಿನ ಗುಡ್ಡಾಪುರದ ಕಡೆ ‘ಟ್ಯಾಂಕು’ ಎಂದರೆ ಮೊದಲು ನೆನಪಾಗುವುದು ನೀರು. ಬರದ ವರ್ಷಗಳಲ್ಲಿ ಟ್ಯಾಂಕರಿನ ಸದ್ದಿಗೆ ಕಿವಿಗೊಟ್ಟು, ಕೊಡಗಳನ್ನು ಸಾಲಾಗಿಟ್ಟು ಕಾದ ಸೀಮೆ ಇದು. ತೋಪು ಹೊತ್ತು ನೆಲ ತುಳಿಯುವ ರಣಗಾಡಿಗೂ ಅದೇ ಹೆಸರು ಹೇಗೆ ಬಂತು?

ನಿಮ್ಮೂರಿನ ವೆಲ್ಡಿಂಗ್ ಅಂಗಡಿಯ ಹುಡುಗನೊಬ್ಬ ಉಕ್ಕಿನ ತಗಡಿನಲ್ಲಿ ದೊಡ್ಡದೊಂದು ಟ್ಯಾಂಕಿನ ಮಾದರಿ ಮಾಡಬೇಕೆಂದು ಹೊರಟಿದ್ದಾನೆ ಎಂದುಕೊಳ್ಳಿ. 1965ರ ಯುದ್ಧದ ಪ್ಯಾಟನ್ ಮಾಡು ಎಂದು ಹಲವರು ಹೇಳಿಯಾರು. ನಾನು ಹೇಳುವುದು, ಎಲ್ಲಕ್ಕೂ ಮೊದಲಿನದನ್ನು ಮಾಡು ಎಂದು. ಏಕೆಂದರೆ ಅದರ ಚರಿತ್ರೆಯೇ ಒಂದು ಮಾದರಿಯಿಂದ ಶುರುವಾಗುತ್ತದೆ.

ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ವಿಲಿಯಂ ಫಾಸ್ಟರ್ ಕಂಪನಿ ಎಂಬ ಕಾರ್ಖಾನೆಯಿತ್ತು. ರಾಶಿಯ ಯಂತ್ರ, ಟ್ರ್ಯಾಕ್ಟರುಗಳನ್ನು ಮಾಡುತ್ತಿದ್ದ, ಒಕ್ಕಲುತನದ ಕಾರ್ಖಾನೆ ಅದು. ಮೊದಲ ಮಹಾಯುದ್ಧದಲ್ಲಿ ಕಂದಕ ದಾಟುವ ಗಾಡಿ ಬೇಕೆಂದು ಸರಕಾರ ಇದೇ ಕಾರ್ಖಾನೆಗೆ ಬಂತು. ಮುಖ್ಯಸ್ಥ ಟ್ರಿಟನ್ ಮತ್ತು ಎಂಜಿನಿಯರ್ ವಿಲ್ಸನ್ 1915ರ ಸೆಪ್ಟೆಂಬರಿನಲ್ಲಿ ಮೊದಲು ಕಟ್ಟಿಗೆಯಲ್ಲಿ ಪೂರ್ಣಗಾತ್ರದ ಮಾದರಿ ಮಾಡಿಸಿ ಅಧಿಕಾರಿಗಳಿಗೆ ತೋರಿಸಿದರು. ಆಮೇಲೆ ಬಾಯ್ಲರಿನ ತಗಡಿನಲ್ಲಿ ನಿಜವಾಗಿ ಓಡುವ ಗಾಡಿ ಮಾಡಿದರು. 1916ರ ಆರಂಭದಲ್ಲಿ ಓಡಾಡಿ ತೋರಿಸಿದ ಆ ಗಾಡಿಗೆ ‘ಮದರ್’, ಅಂದರೆ ತಾಯಿ, ಎಂದು ಹೆಸರಾಯಿತು.

ಗುಟ್ಟು ಹೊರಬೀಳಬಾರದಲ್ಲ! ಇದು ಮೆಸೊಪೊಟೇಮಿಯಾಕ್ಕೆ ನೀರು ಸಾಗಿಸುವ ಗಾಡಿ ಎಂಬ ಮಾತನ್ನು ಹರಡಿದರು. 1915ರ ಡಿಸೆಂಬರಿನಲ್ಲಿ ‘ಟ್ಯಾಂಕ್’ ಎಂಬ ಹೆಸರು ಗಟ್ಟಿಯಾಯಿತು. ಆ ಇಂಗ್ಲಿಷ್ ಶಬ್ದದ ಮೂಲವನ್ನು ಗುಜರಾತಿ, ಮರಾಠಿಯ ‘ಟಾಂಕಿ’, ‘ಟಾಕೆ’ಗಳಲ್ಲಿ ಹುಡುಕುವ ವಿದ್ವಾಂಸರೂ ಇದ್ದಾರೆ.

ಈಗ ನೋಡಿ. ಅದೇ ಡಿಸೆಂಬರಿನಲ್ಲಿ ನಿಜವಾದ ಮೆಸೊಪೊಟೇಮಿಯಾದಲ್ಲಿ, ಕೂಟ್ ಎಂಬ ಊರಿನಲ್ಲಿ ಪುಣೆಯ ಆರನೆಯ ಡಿವಿಜನ್ ಮುತ್ತಿಗೆಗೆ ಸಿಕ್ಕಿತ್ತು. ಅದರಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳಿದ್ದವು. ಹಸಿವಿನಿಂದ ಬಳಲಿ 1916ರ ಏಪ್ರಿಲ್ 29ರಂದು ಆ ಸೈನ್ಯ ಶರಣಾಯಿತು. ಅವರ ಹೆಸರಿನ ಮರೆಯಲ್ಲಿ ತಯಾರಾದ ‘ನೀರಿನ ಗಾಡಿ’ ಅವರತ್ತ ಹೋಗಲೇ ಇಲ್ಲ. ಅದು ಹೋದದ್ದು ಫ್ರಾನ್ಸಿಗೆ. 1916ರ ಸೆಪ್ಟೆಂಬರ್ 15ರಂದು ಫ್ಲೇರ್ ಬಳಿ ಮೊದಲ ಸಲ ಕಾಳಗಕ್ಕಿಳಿಯಿತು. ಆ ದಿನಕ್ಕೆಂದು ನೇಮಿಸಿದ್ದ 49 ಗಾಡಿಗಳಲ್ಲಿ ಅನೇಕವು ಕೆಟ್ಟು, ಕೆಸರಿನಲ್ಲಿ ಹೂತು ನಿಂತವು.

ಇನ್ನು ನಮ್ಮ ಹುಡುಗನ ಮಾದರಿಗೆ ಬರೋಣ. ಆರರಲ್ಲಿ ಒಂದು ಅಳತೆ ಹಿಡಿದರೆ ಕೈಗೆ ಒಗ್ಗುತ್ತದೆ. ಹಿಂಬದಿಯ ಗಾಲಿ ಬಿಟ್ಟು ಸುಮಾರು 8 ಮೀಟರ್ ಉದ್ದವಿದ್ದ ಒಡಲು 1 ಮೀಟರ್ 34 ಸೆಂಟಿಮೀಟರಿಗೆ ಇಳಿಯುತ್ತದೆ. 12 ಮಿಲಿಮೀಟರ್ ಕವಚಕ್ಕೆ 2 ಮಿಲಿಮೀಟರ್ ತಗಡು ಸಾಕು. ತೂಕ ಮಾತ್ರ ಆರನೆಯ ಒಂದು ಪಾಲಲ್ಲ. ಉದ್ದ, ಅಗಲ, ಎತ್ತರ ಮೂರೂ ಇಳಿಯುವುದರಿಂದ 216ರಲ್ಲಿ ಒಂದು ಪಾಲಾಗುತ್ತದೆ. 28 ಟನ್ನಿನ ಗಾಡಿ ಸುಮಾರು 130 ಕಿಲೋ ಆಗುತ್ತದೆ. ನಾಲ್ಕು ಜನ ಸೇರಿ ಎತ್ತಬೇಕು!

ತಗಡು ಕತ್ತರಿಸುವ ಮುಂಚೆ ರಟ್ಟಿನಲ್ಲಿ ಅಚ್ಚು ಮಾಡಿಕೊಳ್ಳಬೇಕು. ಟ್ರಿಟನ್ ಕಟ್ಟಿಗೆಯಲ್ಲಿ ಮಾಡಿದ್ದೂ ಅದನ್ನೇ. ವೆಲ್ಡಿಂಗ್ ಬೇಡ. ಮೂಲದಲ್ಲಿ ಕಬ್ಬಿಣದ ಆಂಗಲ್ಲಿಗೆ ತಗಡು ಹಚ್ಚಿ ರಿವೆಟ್ ಬಡಿದಿದ್ದರು. ರಿವೆಟ್ಟಿನ ಕೆಲಸ ಹತ್ತಿರದಿಂದ ನೋಡಬೇಕಾದರೆ ಅಹಮದನಗರಕ್ಕೆ, ಈಗಿನ ಅಹಿಲ್ಯಾನಗರಕ್ಕೆ ಹೋಗಿಬರಬಹುದು. 1994ರಲ್ಲಿ ತೆರೆದ ಅಲ್ಲಿಯ ಟ್ಯಾಂಕ್ ಸಂಗ್ರಹಾಲಯದಲ್ಲಿ ಎರಡನೆಯ ಮಹಾಯುದ್ಧದ ವ್ಯಾಲೆಂಟೈನ್ ಇದೆ. ಕಷ್ಟದ ಕೆಲಸ ಪಟ್ಟಿಯದು. ಸರಪಳಿಯಂಥ ಆ ಪಟ್ಟಿ ಸಡಿಲಾದರೆ ಕಳಚಿ ಬೀಳುತ್ತದೆ. ಲಿಂಕನ್ನಿನವರನ್ನೂ ಇದೇ ಕಾಡಿತ್ತು. ಅಮೆರಿಕದಿಂದ ತರಿಸಿದ ಟ್ರ್ಯಾಕ್ಟರ್ ಪಟ್ಟಿ ನಿಲ್ಲಲಿಲ್ಲವೆಂದು ಟ್ರಿಟನ್ ಒತ್ತಿದ ಉಕ್ಕಿನ ಹೊಸ ಪಟ್ಟಿಯನ್ನೇ ಹೂಡಿದ.

ಕೊನೆಯದೊಂದು ಮಾತು. ಒಂದು ಮಗ್ಗುಲಿನ ತಗಡನ್ನು ಕಳಚಲು ಬರುವಂತೆ ಮಾಡಬೇಕು. ಹೊರಗಿನಿಂದ ನೋಡಿದರೆ ಟ್ಯಾಂಕು ಬರೀ ಪೌರುಷ. ಒಳಗೆ ಎಂಟು ಜನರಿದ್ದರು. ಅವರ ನಟ್ಟನಡುವೆ ಅಡ್ಡಗೋಡೆಯಿಲ್ಲದ 105 ಅಶ್ವಶಕ್ತಿಯ ಎಂಜಿನ್ನು, ಅದರ ವಿಷದ ಹೊಗೆ, ಬೇಸಗೆಯ ಜತ್ತವನ್ನೂ ಮೀರಿಸುವ ಬೇಗೆ. ಗಾಡಿ ತಿರುಗಿಸಲು ನಾಲ್ವರು ಕೂಡಿ ದುಡಿಯಬೇಕಿತ್ತು. ಗುಂಡು ತಾಗಿದರೆ ಸಿಡಿಯುವ ಕಬ್ಬಿಣದ ಚೂರಿಗಾಗಿ ಮುಖಕ್ಕೆ ಕೊಂಡಿಜಾಲರಿಯ ಮುಸುಕು ಹಾಕುತ್ತಿದ್ದರು. ಆ ಎಂಟು ಜಾಗಗಳಲ್ಲಿ ಎಂಟು ಪುಟ್ಟ ಗೊಂಬೆಗಳನ್ನು ಕೂಡಿಸಲಿ.

ಮಾದರಿ ಮುಗಿದ ದಿನ ಊರಿನ ಮಕ್ಕಳು ಸುತ್ತ ನೆರೆಯುತ್ತಾರೆ. ತೋಪು ಹಾರುತ್ತದೆಯೇ ಎಂದು ಮೊದಲು ಕೇಳುತ್ತಾರೆ. ಆಗ ಮಗ್ಗುಲಿನ ತಗಡು ತೆಗೆದು ಒಳಗಿನವರನ್ನು ತೋರಿಸಿ. ರಾಶಿಯ ಯಂತ್ರ ಮಾಡುವ ಕೈಗಳೇ ಇದನ್ನೂ ಮಾಡಿದವು ಎನ್ನಿ, ನೀರಿನ ಹೆಸರು ಹೇಳಿ ಇದನ್ನು ಮುಚ್ಚಿಟ್ಟರು ಎನ್ನಿ. ನೀರಿಗಾಗಿ ಕಾದು ಗೊತ್ತಿರುವ ಊರಿನ ಮಕ್ಕಳಿಗೆ ಅದು ತಿಳಿಯದೆ ಇರದು.