ಭಿಕ್ಷಾಪಾತ್ರೆಯ ಎದುರು ಸುವಾರ್ತೆ: ಉತ್ತರ ಥಾಯ್ಲೆಂಡಿನ ಸಂದರ್ಭ

ಥೇರವಾದ ಬೌದ್ಧರ ನಾಡಿನಲ್ಲಿ 'ರಕ್ಷಕ' ಎಂಬ ಮಾತೇ ತೊಡಕಿನದು. ತನಗೆ ತಾನೇ ಆಸರೆ ಎಂಬುದು ಧಮ್ಮಪದದ ಅತ್ತವಗ್ಗ ಕಲಿಸುವ ಪಾಠ. ಅದನ್ನು ನಂಬಿ ಬಾಳುವವರಿಗೆ 'ನಿಮ್ಮ ಋಣವನ್ನು ಇನ್ನೊಬ್ಬ ತೀರಿಸಿದ್ದಾನೆ' ಎಂದರೆ ಹೊಣೆಗೇಡಿತನದ ಬೋಧೆಯಂತೆ ಕೇಳಿಸೀತು. ಇಂಥಲ್ಲಿ ಕ್ರೈಸ್ತ ವಿನಯವೆಂದರೆ ಮೆಲುದನಿಯಷ್ಟೇ ಆಗಲಾರದು. ಕೇಳುಗನ ಋಣಕ್ಕೆ ಬೀಳಲು ಸಿದ್ಧನಾಗುವುದೇ ಅದರ ತಿರುಳು ಎಂಬುದು ನನ್ನ ವಾದ.

1867ರಲ್ಲಿ ಚಿಯಾಂಗ್ ಮಾಯ್‌ಗೆ ಬಂದ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನರಿ ಡ್ಯಾನಿಯಲ್ ಮೆಕ್‌ಗಿಲ್ವರಿ ಕ್ವಿನೈನ್ ಕೊಟ್ಟರು, ಸಿಡುಬಿಗೆ ಲಸಿಕೆ ಹಾಕಿದರು. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ಮುಂಚಿತವಾಗಿಯೇ ಹೇಳಿದರು. ಹಿಂದೆ ಭಿಕ್ಷುವಾಗಿದ್ದ ನಾನ್ ಇಂತಾ ಎಂಬ ವಿದ್ವಾಂಸರ ಹಳೆಯ ನಂಬಿಕೆ ಆ ಗ್ರಹಣದಿಂದ ಅಲುಗಿತು. ಮರುವರ್ಷ ಅವರು ದೀಕ್ಷಾಸ್ನಾನ ಪಡೆದರು. ಮೆಕ್‌ಗಿಲ್ವರಿಯವರ ಕರುಣೆಯಲ್ಲಿ ನನಗೆ ಸಂಶಯವಿಲ್ಲ. ಆದರೆ ಔಷಧವಾಗಲಿ ಖಗೋಳವಾಗಲಿ, ಕೊಡುವ ಕೈ ಅವರದೇ ಆಗಿತ್ತು. 1869ರ ಸೆಪ್ಟೆಂಬರಿನಲ್ಲಿ ಅರಸ ಕಾವಿಲೋರೋಟನ ಆಜ್ಞೆಯಂತೆ ಪ್ರಾಣ ತೆತ್ತವರು ಮಾತ್ರ ಇಬ್ಬರು ಸ್ಥಳೀಯ ಕ್ರೈಸ್ತರು.

ಸುಮಾರು ನೂರು ವರ್ಷಗಳ ನಂತರ, 1960ರ ದಶಕದಲ್ಲಿ, ಅದೇ ಊರಿಗೆ ಜಪಾನಿನ ಮಿಶನರಿ ಕೊಸುಕೆ ಕೊಯಾಮಾ ಬಂದರು. ಗದ್ದೆಯಲ್ಲಿ ಎಮ್ಮೆಗಳನ್ನು ಕಂಡ ಅವರು ತಮ್ಮ ಉಪದೇಶ ಆ ರೈತರಿಗೆ ಅರ್ಥವಾಗುವ ಹಾಗಿರಬೇಕೆಂದು ನಿಶ್ಚಯಿಸಿದರು. 1974ರ 'ವಾಟರ್‌ಬಫಲೋ ಥಿಯಾಲಜಿ' ಪುಸ್ತಕ ಈ ಅನುಭವದ ಫಲ. ಥಾಯ್ ಜನ ಮೆಚ್ಚುವುದು 'ಚೈ ಯೆನ್' ಅನ್ನು, ಅಂದರೆ ತಣ್ಣನೆಯ ಮನಸ್ಸನ್ನು. ('ಹೊಟ್ಟೆ ತಣ್ಣಗಿರಲಿ' ಎಂದು ಹರಸುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಬೈಬಲ್ಲಿನ ದೇವರೋ ಕೆರಳುವವನು, ಮರುಗುವವನು. ಈ ಬಿಸಿಯನ್ನು ಆರಿಸದೆ, ಆ ತಂಪನ್ನೂ ಹೀಗಳೆಯದೆ ಇರುವುದು ಹೇಗೆ ಎಂಬುದು ಕೊಯಾಮಾರನ್ನು ಕಾಡಿತು. ಊಟದ ಡಬ್ಬಿಗೆ ಹಿಡಿಕೆಯಿದೆ, ಶಿಲುಬೆಗಿಲ್ಲ ಎಂಬ ಅವರ ಹೋಲಿಕೆಯಲ್ಲಿ, ಧರ್ಮಪ್ರಚಾರವನ್ನು ತಮಗೆ ಅನುಕೂಲವಾದಂತೆ ಎತ್ತಿ ಒಯ್ಯುವವರ ಬಗ್ಗೆ ಆಕ್ಷೇಪವಿದೆ.

ಆದರೂ ಒಂದು ಎಳೆಯನ್ನು ಇನ್ನಷ್ಟು ಹಿಂಜಬೇಕು. ಬಿಡುಗಡೆ ತನ್ನದೇ ದುಡಿಮೆ ಎನ್ನುವ ಭಿಕ್ಷು ದಿನವೂ ಬೆಳಗ್ಗೆ ಪಾತ್ರೆ ಹಿಡಿದು ಊರೊಳಗೆ ನಡೆಯುತ್ತಾನೆ. ಅನ್ನ ನೀಡಿದವರಿಗೆ ಪುಣ್ಯ. ಅವನು ಕೃತಜ್ಞತೆ ಹೇಳುವುದಿಲ್ಲ, ಕೈಮುಗಿಯುವವರು ನೀಡಿದವರೇ. ಅಲ್ಲಿ ಪಡೆಯುವುದು ಅವಮಾನವಲ್ಲ. ಕೊಡುವುದನ್ನಷ್ಟೇ ಬಲ್ಲ ಮಿಶನರಿ ಆ ಪುಣ್ಯದ ಅವಕಾಶವನ್ನು ಊರಿನವರಿಂದ ಕಸಿದುಕೊಂಡಂತಾಗುತ್ತದೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಕಳುಹಿಸುವಾಗ ಹಣದ ಚೀಲ ಬೇಡವೆಂದೂ ಬಡಿಸಿದ್ದನ್ನು ಉಣ್ಣಬೇಕೆಂದೂ ಹೇಳುತ್ತಾನೆ. ಯೋಹಾನನಲ್ಲಿ ಸಮಾರ್ಯದ ಹೆಣ್ಣಿನ ಜೊತೆಗಿನ ಸಂವಾದವನ್ನು ಅವನು ಆರಂಭಿಸುವುದೇ ಕುಡಿಯಲು ನೀರು ಕೇಳಿ.